ಆಕಾಶಕ್ಕೆ ಏಣಿ

ಆಗದ ಕೆಲಸಕ್ಕೆ ಕೈಹಚ್ಚಿದವನನ್ನು ಕಂಡು ‘ಆಕಾಶಕ್ಕೆ ಏಣಿ ಹಾಕಲು ಹೊರಟಿದ್ದಾನೆ’ ಎಂದು ಜನರು ನಗುವುದುಂಟು. ಆದರೆ ಗಣಿತವನ್ನೂ ಭೌತವಿಜ್ಞಾನವನ್ನೂ ಚೆನ್ನಾಗಿ ಬಲ್ಲ ಕೆಲವರು ನೂರಕ್ಕೂ ಹೆಚ್ಚು ವರ್ಷಗಳಿಂದ ಈ ಏಣಿಯ ವಿಚಾರವನ್ನು ಗಂಭೀರವಾಗಿಯೇ ಚಿಂತಿಸುತ್ತ ಬಂದಿದ್ದಾರೆ. ಅವರು ಕಲ್ಪಿಸಿರುವುದು ಮೆಟ್ಟಿಲುಗಳ ಏಣಿಯನ್ನಲ್ಲ. ಎತ್ತರದ ಕಟ್ಟಡಗಳಲ್ಲಿ ಜನರನ್ನು ಮೇಲಕ್ಕೊಯ್ಯುವ ಲಿಫ್ಟಿನಂಥ ಸಾಧನವನ್ನು. ಅದು ನೆಲದಿಂದ ಹೊರಟು ಅಂತರಿಕ್ಷವನ್ನು ಮುಟ್ಟಬೇಕು. ಇದು ಸಾಧ್ಯವೇ?

ರಾಕೆಟ್ಟುಗಳಿರುವಾಗ ಲಿಫ್ಟಿನ ಅಗತ್ಯವೇನೆಂಬ ಪ್ರಶ್ನೆ ಸಹಜವಾದುದು. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತು ಶ್ರೀಹರಿಕೋಟೆಯಿಂದ ಮೇಲೆದ್ದ ರಾಕೆಟ್ಟಿನ ತೂಕ ಸುಮಾರು 640 ಟನ್ನು. ಅದು ಸಾಗಿಸಿದ ನೌಕೆಯ ತೂಕವಾದರೋ 4 ಟನ್ನಿಗೂ ಕಡಿಮೆ. ಉಳಿದುದರಲ್ಲಿ ಬಹುಪಾಲು ಇಂಧನವೇ. ಒಂದು ಮೂಟೆ ರಾಗಿಯನ್ನು ಸಂತೆಗೆ ಒಯ್ಯಲು ನೂರೈವತ್ತು ಮೂಟೆ ಮೇವನ್ನು ಗಾಡಿಗೆ ಹೇರಿದಂತೆ ಇದು. ಇಂಧನವನ್ನು ಹೊರದೆ ಮೇಲೇರುವ ದಾರಿಯೊಂದು ದೊರೆತರೆ ಅಂತರಿಕ್ಷಯಾನದ ವೆಚ್ಚ ಬಹಳಷ್ಟು ಇಳಿಯುವುದು.

ಇಂಥ ದಾರಿಯನ್ನು ಮೊದಲು ಊಹಿಸಿದವನು ರಷ್ಯದ ಕಾನ್‌ಸ್ಟಾಂಟಿನ್ ಸಿಯೊಲ್ಕೊವ್‌ಸ್ಕಿ. ಬಾಲ್ಯದಲ್ಲಿಯೇ ಜ್ವರದಿಂದ ಕಿವಿ ಮಂದವಾದ ಆತ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದನು. 1889ರಲ್ಲಿ ಪ್ಯಾರಿಸ್ಸಿನಲ್ಲಿ 300 ಮೀಟರು ಎತ್ತರದ ಐಫೆಲ್ ಗೋಪುರವು ಎದ್ದು ನಿಂತಿತ್ತು. ಅದರಿಂದ ಪ್ರೇರಿತನಾದ ಆತ 1895ರಲ್ಲಿ ಅಂತರಿಕ್ಷದವರೆಗೆ ಬೆಳೆದ ಗೋಪುರವೊಂದನ್ನು ಕಲ್ಪಿಸಿದನು. ಆದರೆ ಅಷ್ಟೆತ್ತರದ ಗೋಪುರದ ಭಾರವನ್ನು ತಾಳಬಲ್ಲ ಅಡಿಪಾಯ ಯಾವುದಿದೆ? ಅದು ತನ್ನ ಭಾರದಿಂದ ತಾನೇ ಕುಸಿಯುವುದು.

1960ರಲ್ಲಿ ರಷ್ಯದವನೇ ಆದ ಯೂರಿ ಆರ್ಟ್ಸುಟಾನೊವ್ ಎಂಬ ಎಂಜಿನಿಯರು ಈ ಕಲ್ಪನೆಯನ್ನು ತಲೆಕೆಳಗು ಮಾಡಿದನು. ಕೆಳಗಿನಿಂದ ಕಟ್ಟುವ ಬದಲು ಮೇಲಿನಿಂದ ಇಳಿಬಿಡಬಾರದೇಕೆ? ಸಮಭಾಜಕ ವೃತ್ತದ ಮೇಲೆ ಸುಮಾರು 35,786 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹವು, ಭೂಮಿ ತನ್ನ ಸುತ್ತ ತಾನು ಒಮ್ಮೆ ತಿರುಗುವಷ್ಟೇ ಕಾಲದಲ್ಲಿ ಒಂದು ಸುತ್ತು ಮುಗಿಸುತ್ತದೆ. ಆದುದರಿಂದ ಅದು ಒಂದೇ ಸ್ಥಳದ ನೆತ್ತಿಯ ಮೇಲೆ ನಿಂತಂತೆ ಕಾಣುವುದು. ಅಲ್ಲಿಂದ ಒಂದು ಹಗ್ಗವನ್ನು ಭೂಮಿಯ ಕಡೆಗೂ, ಸಮತೋಲಕ್ಕಾಗಿ ಮತ್ತೊಂದನ್ನು ಹೊರಗಡೆಗೂ ಬಿಡಬಹುದೆಂದು ಆತನು ಸೂಚಿಸಿದನು. ಹೊರತುದಿಗೆ ಪ್ರತಿಭಾರವನ್ನು ಕಟ್ಟಿದರೆ, ಕವಣೆ ಬೀಸುವಾಗ ಕಲ್ಲು ದಾರವನ್ನು ಬಿಗಿಯಾಗಿ ಎಳೆದು ಹಿಡಿಯುವಂತೆ, ಭೂಮಿಯ ತಿರುಗುವಿಕೆಯೇ ಹಗ್ಗವನ್ನು ಬಿಗಿಹಿಡಿಯುವುದು. ಆ ಹಗ್ಗವನ್ನು ಹಿಡಿದು ವಾಹನಗಳು ಏರಬಹುದು. 1975ರಲ್ಲಿ ಅಮೆರಿಕದ ಜೆರೋಮ್ ಪಿಯರ್‌ಸನ್ ಸ್ವತಂತ್ರವಾಗಿ ಇದೇ ವಿಚಾರಕ್ಕೆ ವಿವರವಾದ ಲೆಕ್ಕವನ್ನು ಒದಗಿಸಿದನು.

ಹಾಗಾದರೆ ತೊಡಕು ಎಲ್ಲಿದೆ? ಹಗ್ಗದಲ್ಲಿಯೇ ಇದೆ. ಆಳವಾದ ಬಾವಿಯಿಂದ ನೀರು ಸೇದುವವರಿಗೆ ಕೊಡದ ಭಾರದ ಜೊತೆಗೆ ಹಗ್ಗದ ಭಾರವೂ ಅನುಭವಕ್ಕೆ ಬರುತ್ತದೆ. ಹಗ್ಗವು ಉದ್ದವಾದಷ್ಟೂ ಅದರ ಮೇಲ್ತುದಿ ಕೆಳಗಿನ ಹಗ್ಗವನ್ನೆಲ್ಲ ಹೊರಬೇಕು. ಗಟ್ಟಿಯಾದ ಉಕ್ಕಿನ ತಂತಿಯನ್ನು ತೂಗಬಿಟ್ಟರೆ ಕೆಲವು ಹತ್ತು ಕಿಲೋಮೀಟರುಗಳಲ್ಲಿಯೇ ತನ್ನ ಭಾರಕ್ಕೆ ತಾನೇ ಹರಿಯುವುದು. ಕೆವ್ಲಾರ್ ಎಂಬ ಕೃತಕ ನಾರು ಸುಮಾರು 250 ಕಿಲೋಮೀಟರು ತಾಳೀತು. ಎತ್ತರಕ್ಕೆ ಹೋದಂತೆ ಗುರುತ್ವಾಕರ್ಷಣೆ ಕುಗ್ಗುವುದನ್ನು ಲೆಕ್ಕಕ್ಕೆ ಹಿಡಿದರೂ, ಒಂದೇ ಗಾತ್ರದ ಹಗ್ಗಕ್ಕೆ ಸುಮಾರು 5,000 ಕಿಲೋಮೀಟರು ತಾಳುವ ಬಲ ಬೇಕು. ಮೇಲಕ್ಕೆ ಹೋದಂತೆ ಹಗ್ಗವನ್ನು ದಪ್ಪಗೊಳಿಸಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಬಹುದು. ಆದರೆ ಉಕ್ಕನ್ನೇ ಬಳಸಿದರೆ ಆ ದಪ್ಪವು ಊಹೆಗೂ ಮೀರಿದುದಾಗುವುದು.

1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇಂಗಾಲದ ನ್ಯಾನೋ ನಳಿಕೆಗಳನ್ನು ಕುರಿತು ಪ್ರಕಟಿಸಿದ ಬಳಿಕ ಹೊಸ ಆಸೆ ಚಿಗುರಿತು. ಕೂದಲಿಗಿಂತ ಸಾವಿರಾರು ಪಾಲು ತೆಳುವಾದ ಈ ನಳಿಕೆಗಳಿಗೆ ಬೇಕಾದಷ್ಟು ಬಲವಿದೆಯೆಂದು ಲೆಕ್ಕ ಹೇಳುತ್ತದೆ. ಆದರೆ ಆ ಬಲವು ಪ್ರಯೋಗಶಾಲೆಯ ಪುಟ್ಟ ತುಣುಕುಗಳಲ್ಲಿ ಮಾತ್ರ ಕಂಡುಬಂದಿದೆ. ಕೆಲವೇ ಪರಮಾಣುಗಳು ಸ್ಥಾನ ತಪ್ಪಿದರೂ ಬಲ ಕುಂದುವುದರಿಂದ, ಸಹಸ್ರಾರು ಕಿಲೋಮೀಟರು ಉದ್ದಕ್ಕೆ ಅವನ್ನು ನೇಯುವ ವಿದ್ಯೆ ಇನ್ನೂ ಕೈಗೂಡಿಲ್ಲ. ಇದಲ್ಲದೆ ಸಿಡಿಲು, ಬಿರುಗಾಳಿ, ಅತಿವೇಗದಿಂದ ಸುತ್ತುವ ಉಪಗ್ರಹಗಳ ಚೂರುಗಳು, ಇವೆಲ್ಲವುಗಳಿಂದಲೂ ಹಗ್ಗವನ್ನು ಕಾಪಾಡಬೇಕು. ಗಂಟೆಗೆ 200 ಕಿಲೋಮೀಟರು ವೇಗದಲ್ಲಿ ಏರಿದರೂ ಉಪಗ್ರಹದ ಎತ್ತರ ತಲುಪಲು ಒಂದು ವಾರಕ್ಕಿಂತ ಹೆಚ್ಚು ಹಿಡಿಯುವುದು.

ಪ್ರಯತ್ನಗಳು ಮಾತ್ರ ನಿಂತಿಲ್ಲ. ಜಪಾನಿನ ಒಬಯಾಶಿ ಎಂಬ ನಿರ್ಮಾಣ ಸಂಸ್ಥೆಯು 96,000 ಕಿಲೋಮೀಟರು ಉದ್ದದ ಹಗ್ಗವುಳ್ಳ ಯೋಜನೆಯೊಂದನ್ನು 2012ರಲ್ಲಿ ಪ್ರಕಟಿಸಿತು. 2018ರಲ್ಲಿ ಶಿಜುಓಕ ವಿಶ್ವವಿದ್ಯಾನಿಲಯದವರು ಎರಡು ಪುಟ್ಟ ಉಪಗ್ರಹಗಳ ನಡುವೆ ಹಗ್ಗ ಕಟ್ಟಿ, ಅದರ ಮೇಲೆ ಪೆಟ್ಟಿಗೆಯೊಂದನ್ನು ಚಲಿಸುವ ಪ್ರಯೋಗಕ್ಕೆಂದು ಅವನ್ನು ಅಂತರಿಕ್ಷಕ್ಕೆ ಕಳುಹಿಸಿದರು. ಗುರುತ್ವ ಕಡಿಮೆಯಿರುವ ಚಂದ್ರನಲ್ಲಾದರೆ ಇಂದಿನ ನಾರುಗಳೇ ಸಾಕೆಂದು ತಜ್ಞರು ಲೆಕ್ಕ ಹಾಕಿದ್ದಾರೆ.

‘ಸಾಧ್ಯವೇ?’ ಎಂಬ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಪ್ರಕೃತಿಯ ನಿಯಮವು ಇದನ್ನು ತಡೆಯುತ್ತದೆಯೇ? ಇಲ್ಲ. ಮಾನವನ ಕೈಯಲ್ಲಿ ಇಂದು ಅದಕ್ಕೆ ತಕ್ಕ ಸಾಮಗ್ರಿ ಇದೆಯೇ? ಅದೂ ಇಲ್ಲ. ಮೊದಲನೆಯ ಉತ್ತರವನ್ನಷ್ಟೇ ಹಿಡಿದವನು ಹಗಲುಗನಸು ಕಾಣುವನು. ಎರಡನೆಯದನ್ನಷ್ಟೇ ಹಿಡಿದವನು ಕೈಕಟ್ಟಿ ಕುಳಿತುಕೊಳ್ಳುವನು. ಎರಡನ್ನೂ ಒಟ್ಟಿಗೆ ನೆನಪಿಟ್ಟವನೇ ವಿಜ್ಞಾನಿ.

ಸಿಯೊಲ್ಕೊವ್‌ಸ್ಕಿಯು 1903ರಲ್ಲಿ ರಾಕೆಟ್ಟಿನಿಂದ ಅಂತರಿಕ್ಷವನ್ನು ಸೇರಬಹುದೆಂದು ಲೆಕ್ಕ ಸಹಿತ ಬರೆದನು. 1935ರಲ್ಲಿ ಆತ ತೀರಿಕೊಂಡಾಗ ಅದು ಕಾಗದದ ಮೇಲಣ ಮಾತಾಗಿಯೇ ಇತ್ತು. 1957ರಲ್ಲಿ ಸ್ಪುಟ್ನಿಕ್ ಆಕಾಶಕ್ಕೇರಿತು. ಆತನ ಒಂದು ಕನಸು ನನಸಾಯಿತೆಂದ ಮಾತ್ರಕ್ಕೆ ಇನ್ನೊಂದೂ ನನಸಾಗಲೇಬೇಕೆಂದಿಲ್ಲ. ಆದರೂ ಆಕಾಶಕ್ಕೆ ಏಣಿ ಹಾಕುವೆನೆನ್ನುವವನನ್ನು ಕಂಡು ನಗುವ ಮುನ್ನ, ಅವನ ಕೈಯಲ್ಲಿರುವ ಲೆಕ್ಕವನ್ನು ಒಮ್ಮೆ ಓದಿ ನೋಡುವುದು ವಿವೇಕ.