ಮನೆಯಲ್ಲಿ ನಿಸ್ತಂತು ಪ್ರೇಷಕ

(ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ.)

‘ನಿಸ್ತಂತು’ ಎಂಬ ಶಬ್ದವನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮುಗಿಲಿಗೆ ಏರಿದ ಕಂಬ, ದೊಡ್ಡ ಕಟ್ಟಡ, ಅದರೊಳಗೆ ಓಡಾಡುವ ತಜ್ಞರು. ಕಲಾ ವಿಭಾಗದಲ್ಲಿ ಓದುವ ನಮಗೂ ಆ ವಿಷಯಕ್ಕೂ ಸಂಬಂಧವಿಲ್ಲವೆಂದು ನಾವು ತಿಳಿದುಕೊಂಡಿರುತ್ತೇವೆ. ಆದರೆ ಕನ್ನಡ ನಾಡಿನ ಬಾನುಲಿಯ ಚರಿತ್ರೆಯು ಆರಂಭವಾದುದು ಒಂದು ವಾಸದ ಮನೆಯಲ್ಲಿ. ಆರಂಭಿಸಿದವರು ಮನಶ್ಶಾಸ್ತ್ರದ ಅಧ್ಯಾಪಕರು. ಮೈಸೂರಿನ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಇಸವಿ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ 30 ವ್ಯಾಟ್ ಶಕ್ತಿಯ ಪ್ರೇಷಕ ಯಂತ್ರವನ್ನಿಟ್ಟು ಪ್ರಸಾರವನ್ನು ಆರಂಭಿಸಿದರು. ಒಂದು ಸಣ್ಣ ದೀಪಕ್ಕೆ ಸಾಲುವಷ್ಟು ಶಕ್ತಿ ಅದು. 1942ರಲ್ಲಿ ಮೈಸೂರು ಸರಕಾರವು ಆ ನಿಲಯವನ್ನು ವಹಿಸಿಕೊಂಡಿತು. ಅಲ್ಲಿ ಬಳಕೆಗೆ ಬಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಭಾರತದ ಬಾನುಲಿಗೇ ಹೆಸರಾಯಿತು.

ಆ ಹಿರಿಯರ ಕಾರ್ಯದ ಮುಂದೆ ನಾನು ಇಲ್ಲಿ ಹೇಳಹೊರಟಿರುವ ಸಂಗತಿಯು ಅತ್ಯಲ್ಪವಾದುದು. ಒಂದೇ ಮನೆಯ ಪಡಸಾಲೆಯಿಂದ ಹಿಂದಿನ ಕೋಣೆಗೆ, ಸುಮಾರು ನಲವತ್ತು ಅಡಿಗಳ ದೂರಕ್ಕೆ, ಚಿತ್ರವನ್ನೂ ಧ್ವನಿಯನ್ನೂ ತಂತಿಯಿಲ್ಲದೆ ಕಳಿಸುವ ಕೆಲಸವಷ್ಟೇ ಇದು. ಆದರೂ ಈ ನಲವತ್ತು ಅಡಿಗಳು ನನಗೆ ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚಿನ ಪಾಠವನ್ನು ಕಲಿಸಿದವು. ಆದ್ದರಿಂದ ಅದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ನಮ್ಮ ಜಿಲ್ಲೆಯ ಹಳೆಯ ಅನುಭವ

ಆಕಾಶಮಾರ್ಗವಾಗಿ ಚಿತ್ರ ಬರುವುದು ನಮ್ಮ ಸೀಮೆಗೆ ಹೊಸತಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ಭಾರತದಲ್ಲಿ ಉಪಗ್ರಹದ ಮೂಲಕ ಶಿಕ್ಷಣ ನೀಡುವ ಒಂದು ದೊಡ್ಡ ಪ್ರಯೋಗವು ನಡೆಯಿತು. ‘ಸೈಟ್’ ಎಂದು ಅದರ ಚಿಕ್ಕ ಹೆಸರು. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಲಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಅಂದಿನ ಬಿಜಾಪುರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. ದೊಡ್ಡ ಪಟ್ಟಣಗಳೆಷ್ಟೋ ದೂರದರ್ಶನವನ್ನು ಕಾಣುವ ಮೊದಲೇ ನಮ್ಮ ಈ ಬರಸೀಮೆಯ ಹಳ್ಳಿಗಳು ಅದನ್ನು ಕಂಡವು.

ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಬರುವ ಆ ಸಂಕೇತವು ಭೂಮಿಗೆ ಮುಟ್ಟುವಷ್ಟರಲ್ಲಿ ಬಹಳ ಕ್ಷೀಣವಾಗಿರುತ್ತಿತ್ತು. ಅದನ್ನು ಹಿಡಿಯಲು ಪ್ರತಿಯೊಂದು ಹಳ್ಳಿಯಲ್ಲಿಯೂ ಸುಮಾರು ಹತ್ತು ಅಡಿ ಅಗಲದ, ತಂತಿಜಾಳಿಗೆಯ ಬೋಗುಣಿಯಂಥ ಆಂಟೆನಾವನ್ನು ನಿಲ್ಲಿಸಿ ಉಪಗ್ರಹದತ್ತ ಮುಖಮಾಡಿಸಿದ್ದರು. ಒಂದೇ ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳಿಸುವ ಅನುಕೂಲವಿದ್ದುದರಿಂದ ಬೇರೆ ಬೇರೆ ಭಾಷೆಯವರು ಒಂದೇ ಚಿತ್ರವನ್ನು ತಮ್ಮ ತಮ್ಮ ಮಾತಿನಲ್ಲಿ ಕೇಳಬಹುದಾಗಿತ್ತು. ಈ ಪ್ರಯೋಗದಿಂದ ನಾವು ತಿಳಿಯಬೇಕಾದ ಮುಖ್ಯ ಮಾತು ಇಷ್ಟು: ನಿಸ್ತಂತುವಿಗೆ ತಂತಿ ಬೇಡ, ಆದರೆ ದಾರಿ ಬೇಕು. ಆಂಟೆನಾದ ಮುಖವು ಓರೆಯಾದರೆ, ಅಥವಾ ಎದುರಿಗೆ ಅಡ್ಡಿ ಬಂದರೆ, ಮುಗಿಲಿನಿಂದ ಬಂದದ್ದು ಅಂಗಳಕ್ಕೆ ಬಂದು ವ್ಯರ್ಥವಾಗುತ್ತದೆ. ನಮ್ಮ ಮನೆಯಲ್ಲಿ ನಾನು ಮರೆತದ್ದೂ ಇದನ್ನೇ.

ಕೆಲಸಕ್ಕೆ ಕಾರಣ

ನಮ್ಮದು ಇಂಡಿ ತಾಲೂಕಿನ ಒಂದು ಹಳ್ಳಿ. ಮನೆ ಹಳೆಯ ಮಾಳಿಗೆ ಮನೆ. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಅದಕ್ಕೂ ಹಿಂದೆ ಒಂದು ಕೋಣೆ. ಕಲ್ಲು-ಮಣ್ಣಿನ ಗೋಡೆಗಳು ಎರಡು ಅಡಿಗಿಂತ ದಪ್ಪ. ಕಳೆದ ವರ್ಷ ನಮ್ಮ ಆಯಿ ಬಿದ್ದು ಟೊಂಕದ ಎಲುಬು ಮುರಿದುಕೊಂಡಳು. ಅಂದಿನಿಂದ ಆ ಹಿಂದಿನ ಕೋಣೆಯೇ ಅವಳ ಲೋಕವಾಯಿತು. ಮೊದಲು ಸಂಜೆ ಪಡಸಾಲೆಯಲ್ಲಿ ಎಲ್ಲರ ನಡುವೆ ಕುಳಿತು ದೂರದರ್ಶನ ನೋಡುತ್ತಿದ್ದವಳಿಗೆ ಈಗ ನಮ್ಮ ಸದ್ದು ಮಾತ್ರ ಕೇಳುತ್ತಿತ್ತು. ಒಂದು ದಿನ ಅವಳು, “ಯಪ್ಪಾ, ನೀವೆಲ್ಲಾ ನಗತೀರಿ, ಯಾಕ ನಗತೀರಂತ ನನಗ ತಿಳೀವಲ್ದು” ಎಂದಳು. ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು.

ಅವಳ ಕೋಣೆಗೆ ಇನ್ನೊಂದು ಡಿಶ್ ಪೆಟ್ಟಿಗೆಯನ್ನು ತರಬಹುದಾಗಿತ್ತು. ಆದರೆ ಆಗ ಅವಳು ಒಂದು ನೋಡಿದರೆ ನಾವು ಇನ್ನೊಂದು ನೋಡುತ್ತಿದ್ದೆವು. ಅವಳಿಗೆ ಬೇಕಾದದ್ದು ನಾವು ನೋಡುತ್ತಿರುವುದೇ, ಅದೇ ಹೊತ್ತಿಗೆ. ತಂತಿ ಎಳೆದೂ ನೋಡಿದೆವು. ನಡುಮನೆಯ ಇಲಿಗಳು ಒಂದೇ ತಿಂಗಳಿನಲ್ಲಿ ಅದನ್ನು ಕಡಿದು ಹಾಕಿದವು. ಮೇಲಾಗಿ ಎರಡು ತಿಂಗಳಿಗೆ ಅಕ್ಕನ ನಿಶ್ಚಯ ಕಾರ್ಯವು ಪಡಸಾಲೆಯಲ್ಲಿಯೇ ನಡೆಯುವುದಿತ್ತು. ಆಯಿಯನ್ನು ಎತ್ತಿ ತರಕೂಡದೆಂದು ವೈದ್ಯರು ಹೇಳಿದ್ದರು. ಮೊಬೈಲಿನ ಕರೆಯಲ್ಲಿ ತೋರಿಸೋಣವೆಂದರೆ ನಮ್ಮೂರಲ್ಲಿ ನೆಟ್‌ವರ್ಕ್ ನಿಲ್ಲದು. ಅವಳ ಕಣ್ಣಿಗೆ ಆ ಸಣ್ಣ ಪರದೆ ಕಾಣದು. ಈ ಎಲ್ಲ ಕಾರಣಗಳಿಂದ ದೃಶ್ಯ-ಶ್ರವಣ ಪ್ರೇಷಕವನ್ನು ಹೂಡುವುದೆಂದು ನಿರ್ಧರಿಸಿದೆನು.

ಯಂತ್ರದ ಸ್ವರೂಪ

ಇದರಲ್ಲಿ ಅಂಗೈಯಗಲದ ಎರಡು ಪೆಟ್ಟಿಗೆಗಳಿರುತ್ತವೆ. ಒಂದು ಪ್ರೇಷಕ, ಇನ್ನೊಂದು ಗ್ರಾಹಕ. ಡಿಶ್ ಪೆಟ್ಟಿಗೆಯ ಹಿಂದೆ ಹಳದಿ, ಬಿಳಿ, ಕೆಂಪು ಬಣ್ಣದ ಮೂರು ತೂತುಗಳನ್ನು ವಾಚಕರು ನೋಡಿರಬಹುದು. ಹಳದಿಯಿಂದ ಚಿತ್ರವೂ, ಬಿಳಿ ಮತ್ತು ಕೆಂಪುಗಳಿಂದ ಎಡಬಲದ ಧ್ವನಿಗಳೂ ಹೊರಬರುತ್ತವೆ. ಪ್ರೇಷಕವು ಈ ಮೂರನ್ನೂ ತೆಗೆದುಕೊಂಡು ಒಂದು ವಿದ್ಯುತ್ಕಾಂತ ತರಂಗದ ಮೇಲೆ ಹೊರಿಸಿ ಕಳಿಸುತ್ತದೆ. ಗ್ರಾಹಕವು ಆ ತರಂಗವನ್ನು ಹಿಡಿದು, ಹೊರೆಯನ್ನು ಇಳಿಸಿ, ಅವೇ ಮೂರು ಬಣ್ಣದ ತಂತಿಗಳ ಮೂಲಕ ಎರಡನೆಯ ಟಿ.ವಿ.ಗೆ ಕೊಡುತ್ತದೆ.

ಚಿತ್ರದ ಹೊರೆಯು ಧ್ವನಿಯ ಹೊರೆಗಿಂತ ಬಹಳ ದೊಡ್ಡದು. ನಮ್ಮ ಕಿವಿಗೆ ಕೇಳುವ ಧ್ವನಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನಗಳಿರುತ್ತವೆ. ಆದರೆ ಹಳೆಯ ಪದ್ಧತಿಯ ಟಿ.ವಿ.ಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಇಷ್ಟನ್ನು ಕಳಿಸಲು ಸೆಕೆಂಡಿಗೆ ಸುಮಾರು 50 ಲಕ್ಷ ಕಂಪನಗಳಷ್ಟು ಅಗಲವಾದ ದಾರಿ ಬೇಕಾಗುತ್ತದೆ. ಆದ್ದರಿಂದಲೇ ಈ ಪ್ರೇಷಕಗಳು ಅತಿ ಹೆಚ್ಚಿನ ಕಂಪನದ ತರಂಗವನ್ನು ಆರಿಸಿಕೊಳ್ಳುತ್ತವೆ. ನಾನು ತಂದುದು 2.4 ಗಿಗಾಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 240 ಕೋಟಿ ಕಂಪನಗಳು. ಈ ತರಂಗದ ಉದ್ದ ಹನ್ನೆರಡೂವರೆ ಸೆಂಟಿಮೀಟರು, ಸುಮಾರು ಒಂದು ಗೇಣಿನ ಒಳಗೆ. ಇದರ ಶಕ್ತಿಯು ಸಾಮಾನ್ಯವಾಗಿ 10 ಮಿಲಿವ್ಯಾಟ್‌ನ ಆಸುಪಾಸಿನಲ್ಲಿರುತ್ತದೆ. ವಿಠಲ ವಿಹಾರದ ಪ್ರೇಷಕದ ಮೂರು ಸಾವಿರದಲ್ಲಿ ಒಂದು ಪಾಲು. ಇಂಥ ಬಡ ತರಂಗದಿಂದ ಕೆಲಸ ತೆಗೆಯಬೇಕಾದರೆ ಅದರ ಸ್ವಭಾವವನ್ನು ಅರಿತಿರಬೇಕು.

ತರಂಗದ ಸ್ವಭಾವ

ಮೊದಲನೆಯದಾಗಿ, ದೂರ ಹೆಚ್ಚಿದಂತೆ ಅದು ಬೇಗ ಕ್ಷೀಣಿಸುತ್ತದೆ. ಬಯಲಿನಲ್ಲಿ ದೂರವು ಇಮ್ಮಡಿಯಾದರೆ ಮುಟ್ಟುವ ಶಕ್ತಿಯು ಅರ್ಧವಲ್ಲ, ಕಾಲು ಭಾಗವಾಗುತ್ತದೆ. ಎರಡನೆಯದಾಗಿ, ಕಟ್ಟಿಗೆ ಮತ್ತು ಗಾಜುಗಳನ್ನು ಅದು ಸುಲಭವಾಗಿ ದಾಟುತ್ತದೆ. ದಪ್ಪ ಕಲ್ಲಿನ ಗೋಡೆಯಲ್ಲಿ ಬಹುಭಾಗ ಉಳಿದುಹೋಗುತ್ತದೆ. ಗೋಡೆಯನ್ನು ಓರೆಯಾಗಿ ದಾಟಬೇಕಾದರೆ ದಪ್ಪ ಇನ್ನಷ್ಟು ಹೆಚ್ಚಿದಂತೆಯೇ. ಮೂರನೆಯದಾಗಿ, ನೀರು ಅದನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಮಳೆಗಾಲದಲ್ಲಿ ನೆನೆದ ಮಣ್ಣಿನ ಗೋಡೆ ಬೇಸಿಗೆಯ ಗೋಡೆಗಿಂತ ಹೆಚ್ಚು ಅಡ್ಡಿ. ನಾಲ್ಕನೆಯದಾಗಿ, ತಗಡು, ಕಬ್ಬಿಣ, ಹಿತ್ತಾಳೆಗಳನ್ನು ಅದು ದಾಟುವುದೇ ಇಲ್ಲ, ಬಡಿದು ಹಿಂದಿರುಗುತ್ತದೆ.

ಹೂಡಿದ ಕ್ರಮ

ಮೊದಲ ದಿನ ಪ್ರೇಷಕವನ್ನು ಪಡಸಾಲೆಯ ಟಿ.ವಿ. ಪಕ್ಕದಲ್ಲಿಯೂ, ಗ್ರಾಹಕವನ್ನು ಆಯಿಯ ಕೋಣೆಯಲ್ಲಿಯೂ ಇಟ್ಟೆನು. ಪರದೆಯ ಮೇಲೆ ಜೋಳದ ಹಿಟ್ಟು ಚೆಲ್ಲಿದಂತೆ ಬಿಳಿ ಚುಕ್ಕೆಗಳು, ಕಿವಿಗೆ ಬರಿ ಗುಂಯ್ ಎಂಬ ಸದ್ದು. ಯಂತ್ರವೇ ಕೆಟ್ಟಿದೆಯೆಂದು ಅಪ್ಪ ಹೇಳಿದರು. ಇಂಥ ಸಂದರ್ಭದಲ್ಲಿ ಮೊದಲು ಮಾಡಬೇಕಾದುದು ಎರಡನ್ನೂ ಆರು ಅಡಿಗಳ ಒಳಗೆ ತಂದು ಪರೀಕ್ಷಿಸುವುದು. ಹಾಗೆ ಮಾಡಿದಾಗ ಚಿತ್ರ ಸ್ಪಷ್ಟವಾಗಿ ಬಂದಿತು. ದೋಷವು ಯಂತ್ರದಲ್ಲಿಲ್ಲ, ದಾರಿಯಲ್ಲಿದೆ ಎಂದು ಗೊತ್ತಾಯಿತು.

ಬಳಿಕ ನಾನೂ ತಮ್ಮನೂ ಒಂದು ಉದ್ದ ನೂಲನ್ನು ತೆಗೆದುಕೊಂಡು, ಪ್ರೇಷಕವಿದ್ದ ಜಾಗದಿಂದ ಗ್ರಾಹಕದ ದಿಕ್ಕಿಗೆ ನೆಟ್ಟಗೆ ಹಿಡಿದು ನೋಡಿದೆವು. ನೂಲು ಎಲ್ಲಿ ತಡೆಯುವುದೋ ತರಂಗಕ್ಕೂ ಅಲ್ಲಿಯೇ ತೊಂದರೆ. ಅದು ಮೊದಲನೆಯ ಗೋಡೆಯನ್ನು ಓರೆಯಾಗಿ ತಾಕುತ್ತಿತ್ತು. ಅದರ ಆಚೆಗೆ ನಡುಮನೆಯಲ್ಲಿ ಜೋಳ ತುಂಬಿದ ತಗಡಿನ ಕಣಜವು ನಡುದಾರಿಯಲ್ಲಿಯೇ ನಿಂತಿತ್ತು. ಕಣಜವನ್ನು ಸರಿಸುವುದು ಸಾಧ್ಯವಿರಲಿಲ್ಲ. ಆದ್ದರಿಂದ ಮೂರು ಮೀಟರಿನ ಮೂರು ಬಣ್ಣದ ತಂತಿಯನ್ನು ತಂದು, ಪ್ರೇಷಕವನ್ನು ಟಿ.ವಿ.ಯಿಂದ ದೂರ ಸರಿಸಿ ನಡುಮನೆಯ ಬಾಗಿಲಿನ ಎದುರಿಗೆ ಇಟ್ಟೆವು. ಆಯಿಯ ಕೋಣೆಯಲ್ಲಿ ಗ್ರಾಹಕವನ್ನು ಬಾಗಿಲಿನ ಸಾಲಿಗೆ ತಂದೆವು. ಈಗ ನೂಲು ಎರಡು ಬಾಗಿಲುಗಳ ಮೂಲಕ ಗೋಡೆಯನ್ನು ಮುಟ್ಟದೆ ಹೋಯಿತು. ಚಿತ್ರವೂ ಹೋಯಿತು.

ಆದರೂ ಆಗಾಗ ಅಡ್ಡಗೆರೆಗಳು ಬರುತ್ತಿದ್ದವು. ಈ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ವೈ-ಫೈ, ಮೊಬೈಲಿನ ಹಾಟ್‌ಸ್ಪಾಟ್, ಬ್ಲೂಟೂತ್ ಎಲ್ಲವೂ ಓಡಾಡುತ್ತವೆ. ಪಟ್ಟಣದ ಮನೆಗಳ ಮೈಕ್ರೊವೇವ್ ಒಲೆಯೂ ಇದರಲ್ಲಿಯೇ ಕೆಲಸಮಾಡುತ್ತದೆ. ಸಂತೆಯ ದಿನದ ಓಣಿಯಂತೆ ಇದು ಎಲ್ಲರ ದಾರಿ. ಇದಕ್ಕಾಗಿ ಯಂತ್ರದಲ್ಲಿ ನಾಲ್ಕು ಚಾನೆಲ್‌ಗಳ ಒಂದು ಸಣ್ಣ ಗುಂಡಿ ಇರುತ್ತದೆ. ಎರಡೂ ಪೆಟ್ಟಿಗೆಗಳಲ್ಲಿ ಒಂದೇ ಅಂಕಿ ಇರಬೇಕು. ಒಂದನೆಯದರಿಂದ ನಾಲ್ಕನೆಯದಕ್ಕೆ ಬದಲಿಸಿದಾಗ ನಮ್ಮ ಗೆರೆಗಳು ಮಾಯವಾದವು.

ನಿಶ್ಚಯದ ದಿನ

ನಿಶ್ಚಯದ ದಿನ ಡಿಶ್ ಪೆಟ್ಟಿಗೆಯ ತಂತಿಯನ್ನು ತೆಗೆದು, ಸೋದರಮಾವನ ಹಳೆಯ ವಿಡಿಯೋ ಕ್ಯಾಮೆರಾದ ತಂತಿಯನ್ನು ಪ್ರೇಷಕಕ್ಕೆ ಜೋಡಿಸಿದೆವು. ಮುಂಜಾನೆ ಪರೀಕ್ಷಿಸಿದಾಗ ಚಿತ್ರ ಕನ್ನಡಿಯಂತಿತ್ತು. ಬೀಗರು ಬಂದರು, ಪಡಸಾಲೆ ತುಂಬಿತು, ಕಾರ್ಯ ಆರಂಭವಾಯಿತು. ಆಗ ಚಿತ್ರವು ಕಟ್ಟಿಹೋಯಿತು! ಯಂತ್ರ ಬಿಸಿಯಾಗಿರಬೇಕೆಂದು ಒಬ್ಬರು, ಕರೆಂಟು ಕಡಿಮೆಯಾಗಿರಬೇಕೆಂದು ಇನ್ನೊಬ್ಬರು. ಎರಡೂ ಅಲ್ಲ. ಪ್ರೇಷಕವನ್ನು ನಾನು ಎದೆಯ ಎತ್ತರದ ಸ್ಟೂಲಿನ ಮೇಲೆ ಇಟ್ಟಿದ್ದೆನು. ನಡುಮನೆಯ ಬಾಗಿಲಿನಲ್ಲಿ ಹತ್ತು-ಹನ್ನೆರಡು ಹೆಣ್ಣುಮಕ್ಕಳು ನಿಂತಿದ್ದರು. ಮನುಷ್ಯನ ಶರೀರದಲ್ಲಿ ಬಹುಭಾಗ ನೀರೇ. ಬರಿದಾದ ಮನೆಯಲ್ಲಿ ಪರೀಕ್ಷೆ ಮಾಡಿದ ನಾನು, ಜನ ಸೇರಿದಾಗ ಮನೆಯೇ ಬೇರೆಯಾಗುತ್ತದೆಂಬುದನ್ನು ಎಣಿಸಿರಲಿಲ್ಲ.

ಸೋದರಮಾವನು ಪ್ರೇಷಕವನ್ನು ಎತ್ತಿ ಎಲ್ಲರ ತಲೆಗಿಂತ ಮೇಲೆ, ಗೋಡೆಯ ಹಲಗೆಯ ಮೇಲೆ ಬಾಗಿಲ ಚೌಕಟ್ಟಿನ ತುದಿಗೆ ಸರಿಯಾಗಿ ಇಟ್ಟನು. ತಮ್ಮನು ಆ ಕಡೆ ಗ್ರಾಹಕವನ್ನು ಅಷ್ಟೇ ಎತ್ತರಕ್ಕೆ ಹಿಡಿದು ನಿಂತನು. ಚಿತ್ರ ತಿರುಗಿ ಬಂದಿತು. ಮೊದಲಿನ ಮಾತುಕತೆಯನ್ನು ಆಯಿ ಕಳೆದುಕೊಂಡಳು. ಅಕ್ಕನ ಉಡಿ ತುಂಬುವುದನ್ನು ಮಾತ್ರ ಪೂರ್ಣವಾಗಿ ನೋಡಿದಳು. ಮೊದಲ ಭಾಗವು ತಪ್ಪಿದ್ದು ನನ್ನ ಅಜಾಗ್ರತೆಯಿಂದ ಎಂಬ ಕೊರಗು ನನಗಿನ್ನೂ ಇದೆ.

ಕೆಲವು ಎಚ್ಚರಿಕೆಗಳು

ಎರಡು ಪೆಟ್ಟಿಗೆಗಳ ಅಡಾಪ್ಟರುಗಳನ್ನು ಅದಲುಬದಲು ಮಾಡಬಾರದು. ವೋಲ್ಟೇಜು ಬೇರೆಯಾಗಿದ್ದರೆ ಯಂತ್ರ ಸುಡುತ್ತದೆ. ಕರೆಂಟು ಹೋಗುವ ನಮ್ಮಂಥ ಊರುಗಳಲ್ಲಿ ಎರಡೂ ತುದಿಗಳಿಗೆ ಇನ್ವರ್ಟರಿನ ಆಸರೆ ಇರಲಿ. ಈ ತರಂಗವು ನಮ್ಮ ಗೋಡೆಗೇ ನಿಲ್ಲುವುದೆಂಬ ಭರವಸೆಯಿಲ್ಲ. ಇಂಥದೇ ಗ್ರಾಹಕವಿದ್ದ ನೆರೆಯವರಿಗೂ ಚಿತ್ರ ಕಾಣಬಹುದು. ಆದ್ದರಿಂದ ಪರರು ಕಾಣಬಾರದ್ದನ್ನು ಇದರಲ್ಲಿ ಕಳಿಸಬಾರದು. ಕಾನೂನಿನ ಮಾತೂ ಇದೆ. 1933ರ ನಿಸ್ತಂತು ಕಾಯ್ದೆಯು ಪರವಾನಿಗೆಯಿಲ್ಲದೆ ಇಂಥ ಯಂತ್ರವನ್ನು ಇಟ್ಟುಕೊಳ್ಳಕೂಡದೆಂದು ವಿಧಿಸಿತ್ತು. 2005ರಲ್ಲಿ ಭಾರತ ಸರಕಾರವು 2.4 ಗಿಗಾಹರ್ಟ್ಸ್ ಪಟ್ಟಿಯ ಅಲ್ಪಶಕ್ತಿಯ ಯಂತ್ರಗಳಿಗೆ ಆ ಪರವಾನಿಗೆಯಿಂದ ವಿನಾಯಿತಿ ನೀಡಿತು. ಆದುದರಿಂದ ಅನುಮತಿ ಪಡೆದ ಯಂತ್ರವನ್ನೇ ಕೊಳ್ಳಬೇಕು. ಶಕ್ತಿಯನ್ನು ಹೆಚ್ಚಿಸುವ ಸಾಹಸಕ್ಕೆ ಹೋಗಬಾರದು. ಇನ್ನು, ತಂತಿ ಎಳೆಯಲು ಅನುಕೂಲವಿದ್ದಲ್ಲಿ ತಂತಿಯೇ ಮೇಲು. ಅದು ಅಗ್ಗ, ಅದಕ್ಕೆ ಜನರ ಅಡ್ಡಿಯಿಲ್ಲ, ಚಿತ್ರವೂ ನಿರ್ಮಲ.

ಉಪಸಂಹಾರ

ಸೈಟ್ ಪ್ರಯೋಗದಲ್ಲಿ ಒಂದು ಊರಿಗೆಲ್ಲ ಒಂದೇ ಟಿ.ವಿ. ಇತ್ತು, ಜನರೇ ನಡೆದು ಅದರ ಬಳಿಗೆ ಬರುತ್ತಿದ್ದರು. ನಡೆದು ಬರಲಾರದವರ ಬಳಿಗೆ ಚಿತ್ರವೇ ಹೋಗಲು ಈಗ ಸಾಧ್ಯವಾಗಿದೆ. ಆದರೆ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ನಿಶ್ಚಯವಾದ ಸಂಜೆ ಅಕ್ಕನು ಆಯಿಯ ಕೋಣೆಗೆ ಹೋಗಿ ಕಾಲಿಗೆ ನಮಸ್ಕರಿಸಿದಳು. ಆಯಿ ಅವಳ ಕೈಯ ಹೊಸ ಬಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ, “ಟೀವಿಯಾಗ ಹಸರ ಕಾಣ್ತಿತ್ತು, ಇವು ನೀಲಿ ಅದಾವಲ್ಲ!” ಎಂದು ನಕ್ಕಳು. ಆ ನಲವತ್ತು ಅಡಿಗಳನ್ನು ಚಿತ್ರ ದಾಟಿದ ಮೇಲೆ ನಾವೂ ದಾಟಬೇಕಾಗುತ್ತದೆ. ಈಗ ಸಂಜೆಯ ಹೊತ್ತು ಪಡಸಾಲೆಯಲ್ಲಿ ಅಪ್ಪ ಒಬ್ಬರೇ ಇರುತ್ತಾರೆ. ಉಳಿದ ನಾವೆಲ್ಲ ಆಯಿಯ ಮಂಚದ ಸುತ್ತ ಕುಳಿತು ನೋಡುತ್ತೇವೆ.