ಲೈವ್ ರಾಕ್ ಮೇಲಿನ ಪಾಚಿ ತೆಗೆಯುವ ಕ್ರಮ

ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ ಇಡುವ ರಂಧ್ರಗಳುಳ್ಳ ಕಲ್ಲಿಗೆ ಲೈವ್ ರಾಕ್ ಎನ್ನುತ್ತಾರೆ. ಅದರ ರಂಧ್ರಗಳಲ್ಲಿರುವ ಬ್ಯಾಕ್ಟೀರಿಯಾಗಳು ಮೀನಿನ ಮಲಮೂತ್ರದಿಂದ ಬರುವ ವಿಷಕಾರಿ ಅಮೋನಿಯಾವನ್ನು ಮೊದಲು ನೈಟ್ರೈಟ್, ನಂತರ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಆದ್ದರಿಂದ ಪಾಚಿ ಬೆಳೆದ ಕಲ್ಲನ್ನು ನಲ್ಲಿ ನೀರಿನಲ್ಲಿ ತೊಳೆಯಬಾರದು. ಕ್ಲೋರಿನ್ ಇರುವ ಸಿಹಿನೀರು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಆಗ ಅಮೋನಿಯಾ ಏರಿ ಮೀನು, ಹವಳ ಎರಡೂ ಸಾಯಬಹುದು.

ನಾನು ಅನುಸರಿಸುವ ಕ್ರಮ ಹೀಗಿದೆ:

1. ನೀರು ಬದಲಾಯಿಸುವ ದಿನ, ಅಕ್ವೇರಿಯಂನಿಂದ ತೆಗೆದ ನೀರನ್ನೇ ಎರಡು ಬಕೆಟ್‌ಗಳಲ್ಲಿ ತುಂಬಬೇಕು.
2. ಒಂದರಲ್ಲಿ ಕಲ್ಲನ್ನು ಮುಳುಗಿಸಿ, ಉದ್ದ ಪಾಚಿಯನ್ನು ಕೈಯಿಂದ ಕಿತ್ತು, ಉಳಿದದ್ದನ್ನು ಹೊಸ ಟೂತ್‌ಬ್ರಷ್‌ನಿಂದ ಉಜ್ಜಬೇಕು. ಸೋಪು ಬೇಡ. ಅಕ್ವೇರಿಯಂ ಒಳಗೇ ಉಜ್ಜಿದರೆ ಪಾಚಿಯ ಚೂರುಗಳು ಹರಡಿ ಮತ್ತೆ ಬೆಳೆಯುತ್ತವೆ.
3. ಎರಡನೇ ಬಕೆಟ್‌ನಲ್ಲಿ ಕಲ್ಲನ್ನು ಜಾಲಾಡಿಸಿ ಮತ್ತೆ ಒಳಗಿಡಬೇಕು. ಕೊಳೆ ನೀರನ್ನು ಚೆಲ್ಲಿ, ಹೊಸ ಉಪ್ಪುನೀರು ತುಂಬಬೇಕು.
4. ಒಂದು ಸಲಕ್ಕೆ ಕೆಲವು ಕಲ್ಲುಗಳನ್ನು ಮಾತ್ರ ಉಜ್ಜಬೇಕು.

ಉಜ್ಜಿದರಷ್ಟೇ ಸಾಲದು. ಪಾಚಿ ಬೆಳೆಯುವುದು ನೈಟ್ರೇಟ್, ಫಾಸ್ಫೇಟ್ ಮತ್ತು ಬೆಳಕಿನಿಂದ. ಮೀನು ತಿಂದು ಮುಗಿಸುವಷ್ಟೇ ಆಹಾರ ಹಾಕಿ, ಉಪ್ಪು ಕಲಸಲು ಆರ್‌ಓ ನೀರು ಬಳಸಿ, ದೀಪವನ್ನು ದಿನಕ್ಕೆ ಸುಮಾರು 8 ಗಂಟೆ ಮಾತ್ರ ಉರಿಸಿದರೆ ಅದು ತಾನಾಗಿಯೇ ಕಡಿಮೆಯಾಗುತ್ತದೆ.

ಲೆಕ್ಕಶಾಸ್ತ್ರದಲ್ಲಿ ನಾವು ಓದುವ ಸ್ಥಿರಾಸ್ತಿಯಂತೆ ಲೈವ್ ರಾಕನ್ನೂ ದುರಸ್ತಿ ಮಾಡುತ್ತಾ ವರ್ಷಗಟ್ಟಲೆ ಉಳಿಸಿಕೊಳ್ಳಬಹುದು. ಅದನ್ನು ಎಸೆದು ಹೊಸದಕ್ಕಾಗಿ ಸಮುದ್ರದ ಹವಳ ಒಡೆಯುವುದು ಸರಿಯಲ್ಲ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.