ನೆರೆಹೊರೆಯ ಛಾಯಾಗ್ರಾಹಕ

ಕುರಿಯ ಉಣ್ಣೆ ಕತ್ತರಿಸುವವನು, ಹೊಲದ ಬೇಲಿಯನ್ನು ಸರಿಪಡಿಸುವವನು, ಹಸುಗಳನ್ನು ಕೊಟ್ಟಿಗೆಗೆ ಹೊಡೆದುಕೊಂಡು ಬರುವವಳು, ಇಂತಹವರ ಸುದ್ದಿ ಇತಿಹಾಸದ ಪುಟಗಳಲ್ಲಿ ದೊರೆಯುವುದು ಅಪರೂಪ. ಆದರೆ ಯಾವ ನಾಡಿನ ಬಾಳಾದರೂ ನಿಂತಿರುವುದು ಇವರ ದುಡಿಮೆಯ ಮೇಲೆಯೇ. ಇಂತಹ ಜನರ ದಿನನಿತ್ಯದ ಬದುಕನ್ನು ಚಿತ್ರಿಸಲು 17 ವರ್ಷಗಳನ್ನು ಮುಡಿಪಾಗಿಟ್ಟವರು ಇಂಗ್ಲೆಂಡಿನ ಛಾಯಾಗ್ರಾಹಕ ಜೇಮ್ಸ್ ರವಿಲಿಯಸ್.

ರವಿಲಿಯಸ್‌ರು 1939ರಲ್ಲಿ ಜನಿಸಿದರು. ತಂದೆ ಎರಿಕ್ ರವಿಲಿಯಸ್ ಹೆಸರಾಂತ ಚಿತ್ರಕಾರರು. ತಾಯಿ ಟಿರ್ಜಾ ಗಾರ್ವುಡ್ ಸಹ ಕಲಾವಿದೆ. ಎರಡನೆಯ ಮಹಾಯುದ್ಧದ ದೃಶ್ಯಗಳನ್ನು ಚಿತ್ರಿಸಲು ಸರ್ಕಾರದಿಂದ ನಿಯುಕ್ತರಾಗಿದ್ದ ತಂದೆ 1942ರಲ್ಲಿ ಐಸ್‌ಲೆಂಡಿನ ಬಳಿ ವಿಮಾನದೊಡನೆ ಕಣ್ಮರೆಯಾದರು. 1951ರಲ್ಲಿ ತಾಯಿಯೂ ತೀರಿಕೊಂಡರು. ಹೆತ್ತವರನ್ನು ಕಳೆದುಕೊಂಡ ಬಾಲಕ ಬೆಳೆದು, ಲಂಡನ್ನಿನಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿ, ಅಲ್ಲಿಯೇ ಕಲಾ ಶಿಕ್ಷಕನಾದನು. ಫ್ರಾನ್ಸಿನ ಪ್ರಸಿದ್ಧ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸಾನ್‌ರ ಚಿತ್ರಗಳನ್ನು ಕಂಡ ಮೇಲೆ ರವಿಲಿಯಸ್‌ರ ಮನಸ್ಸು ಕುಂಚದಿಂದ ಕ್ಯಾಮೆರಾದ ಕಡೆಗೆ ಹೊರಳಿತು.

1972ರಲ್ಲಿ ಅವರು ಪತ್ನಿ ರಾಬಿನ್‌ರೊಡನೆ ಉತ್ತರ ಡೆವನ್ ಎಂಬ ಹಳ್ಳಿಗಾಡಿಗೆ ಬಂದು ನೆಲೆಸಿದರು. ಅಲ್ಲಿಯ ಬೀಫರ್ಡ್ ಕಲಾಕೇಂದ್ರದ ನಿರ್ದೇಶಕರಾಗಿದ್ದ ಜಾನ್ ಲೇನ್, ಆ ಸೀಮೆಯ ಜನಜೀವನವನ್ನು ಛಾಯಾಚಿತ್ರಗಳಲ್ಲಿ ದಾಖಲಿಸುವ ಕೆಲಸವನ್ನು ಅವರಿಗೆ ಒಪ್ಪಿಸಿದರು. ದೊರೆಯುತ್ತಿದ್ದ ಸಂಭಾವನೆ ಅಲ್ಪ. ಆದರೂ ಆ ಕೆಲಸ 1989ರವರೆಗೆ ನಡೆಯಿತು.

ಹೊರಗಿನಿಂದ ಒಂದು ದಿನದ ಮಟ್ಟಿಗೆ ಬರುವ ಛಾಯಾಗ್ರಾಹಕನ ಮುಂದೆ ಹಳ್ಳಿಗರು ಮೈ ಸೆಟೆದು ನಿಲ್ಲುತ್ತಾರೆ. ಅವನಿಗೆ ಸಿಕ್ಕುವುದು ಮುಖ, ಬಾಳಲ್ಲ. ರವಿಲಿಯಸ್‌ರಾದರೋ ಅವರ ನೆರೆಯವರೇ ಆದರು. ಅದೇ ಓಣಿಗಳಲ್ಲಿ ನಡೆದರು, ಅದೇ ಮನೆಗಳಿಗೆ ಮತ್ತೆ ಮತ್ತೆ ಹೋದರು. ಕ್ರಮೇಣ ಜನರು ಅವರ ಕ್ಯಾಮೆರಾವನ್ನು ಮರೆತು ತಮ್ಮ ಕೆಲಸದಲ್ಲಿ ತಾವು ತೊಡಗಿದರು. ಕುರಿಗಳಿಗಾಗಿ ಹಸಿರು ಬಳ್ಳಿಯ ಹೊರೆ ಹೊತ್ತು ಬರುವ ಮುದಿ ರೈತ, ರೋಗಿಯ ಮನೆಗೆ ಬಂದ ಊರ ವೈದ್ಯ, ದನದ ಸಂತೆ, ಶಾಲೆಯ ಮಕ್ಕಳು, ಇವೆಲ್ಲ ಅವರ ಚಿತ್ರಗಳಲ್ಲಿ ಸಹಜವಾಗಿ ಮೂಡಿದವು. ಕೆಸರು, ಚಳಿ, ಮುಪ್ಪು, ಬಡತನಗಳನ್ನೂ ಅವರು ಮರೆಮಾಚಲಿಲ್ಲ. ಆದರೆ ಯಾರನ್ನೂ ಕನಿಕರದ ವಸ್ತುವಾಗಿಸಲಿಲ್ಲ. ದುಡಿಯುವವರ ಘನತೆಗೆ ಅವರ ಚಿತ್ರಗಳಲ್ಲಿ ಕುಂದು ಬಂದಿಲ್ಲ.

ಅವರ ಚಿತ್ರಗಳು ಕಪ್ಪು ಬಿಳುಪಿನವು. ಅನೇಕ ವೇಳೆ ಅವರು ಬೆಳಕಿಗೆ ಎದುರಾಗಿ ನಿಂತು ಚಿತ್ರ ತೆಗೆಯುತ್ತಿದ್ದರು. ತಮ್ಮ ಲೈಕಾ ಕ್ಯಾಮೆರಾಕ್ಕೆ ಹಳೆಯ ಕಾಲದ ಮಸೂರಗಳನ್ನು ಜೋಡಿಸುತ್ತಿದ್ದರು. ಇವುಗಳಿಗೆ ಹೊಸ ಮಸೂರಗಳಂತೆ ಪ್ರತಿಫಲನವನ್ನು ತಡೆಯುವ ಲೇಪನವಿರಲಿಲ್ಲ. ಆದುದರಿಂದ ಬೆಳಕು ಮೃದುವಾಗಿ ಹರಡಿ, ನೆರಳಿನೊಳಗಿನ ವಿವರಗಳೂ ಉಳಿಯುತ್ತಿದ್ದವು. ಡೆವನ್ನಿನ ಮಂಜುಮುಸುಕಿದ ಬೆಳಗನ್ನು ಹಿಡಿದಿಡಲು ಈ ವಿಧಾನ ತಕ್ಕುದಾಗಿತ್ತು.

ಅದು ಹಳ್ಳಿಯ ಬಾಳು ಬದಲಾಗುತ್ತಿದ್ದ ಕಾಲ. ಯಂತ್ರಗಳು ಬಂದಂತೆ ಕೈಕೆಲಸಗಳು ಮರೆಯಾಗುತ್ತಿದ್ದವು. ಅವನ್ನು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಅಗಲುತ್ತಿದ್ದರು. ಅವರು ಅಗಲಿದ ಮೇಲೆ ತೆಗೆಯಲಾಗದ ಚಿತ್ರಗಳನ್ನು ರವಿಲಿಯಸ್‌ರು ಕಾಲ ಮೀರುವ ಮುನ್ನ ತೆಗೆದರು. ಹಳ್ಳಿಗರ ಮನೆಗಳಲ್ಲಿದ್ದ ಹಳೆಯ ಛಾಯಾಚಿತ್ರಗಳನ್ನೂ ಕೇಳಿ ಪಡೆದು, ಅವುಗಳ ಪ್ರತಿ ಮಾಡಿ ಕಾಪಾಡಿದರು.

ರವಿಲಿಯಸ್‌ರು 1999ರಲ್ಲಿ ನಿಧನರಾದರು. ಅವರು ತೆಗೆದ 70,000ಕ್ಕೂ ಹೆಚ್ಚು ಚಿತ್ರಗಳು ಬೀಫರ್ಡ್ ಸಂಗ್ರಹದಲ್ಲಿ ಉಳಿದಿವೆ. ಅವುಗಳಲ್ಲಿ ಸಾವಿರಾರು ಚಿತ್ರಗಳನ್ನು ಇಂದು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ನೋಡಬಹುದು. ಒಂದು ಪುಟ್ಟ ಸೀಮೆಯ ಬದುಕು ಇಷ್ಟು ವಿಸ್ತಾರವಾಗಿ ದಾಖಲೆಗೊಂಡಿರುವುದು ವಿರಳ.

ದಿನವೂ ಕಾಣುವುದನ್ನು ಕಣ್ಣು ಗಮನಿಸದೆ ಹೋಗುವುದು ಲೋಕರೂಢಿ. ರವಿಲಿಯಸ್‌ರಿಗೆ ಪರಿಚಯ ಹೆಚ್ಚಿದಷ್ಟೂ ನೋಟ ಹರಿತವಾಯಿತು. ನೆರೆಯವರನ್ನು ಪ್ರೀತಿಯಿಂದ, ತಾಳ್ಮೆಯಿಂದ ನೋಡಬಲ್ಲವನಿಗೆ ತನ್ನ ಓಣಿಯೇ ಅಕ್ಷಯವಾದ ವಸ್ತುವಾಗಬಲ್ಲದು ಎಂಬುದನ್ನು ಅವರ ಬಾಳು ತೋರಿಸಿಕೊಟ್ಟಿದೆ.